ಹಾವಸೆಯ ಮನೆ ಹೆಸರು

ತೋಟದಲ್ಲಿ ಏನು ಬೆಳೆದಿದ್ದೀರಿ ಎಂದು ಕೊಡಗಿನಲ್ಲಿ ಯಾರನ್ನೇ ಕೇಳಿ, ರೊಬಸ್ಟಾ ಅನ್ನುತ್ತಾರೆ, ಇಲ್ಲವೇ ಅರೇಬಿಕಾ. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಹುಡುಕಿದರೆ ರೊಬಸ್ಟಾ ಸಿಗುವುದಿಲ್ಲ. ಅಲ್ಲಿರುವುದು ಕಾಫಿಯಾ ಕೆನೆಫೊರಾ. ಕಾರಣ ತೀರಾ ಸಣ್ಣದು. ಕೆನೆಫೊರಾ ಎಂಬ ಹೆಸರು ಅಚ್ಚಾದದ್ದು 1897ರಲ್ಲಿ, ರೊಬಸ್ಟಾ 1900ರಲ್ಲಿ. ಎರಡೂ ಒಂದೇ ಗಿಡ ಎಂದು ಗೊತ್ತಾದ ಮೇಲೆ ಮೊದಲು ಬಂದದ್ದಕ್ಕೆ ಪಟ್ಟ ಸಿಕ್ಕಿತು. ಬೆಳೆಗಾರರಿಗೆ ಇದರಿಂದ ಏನೂ ಆಗಲಿಲ್ಲ. ಚೀಲಕ್ಕೆ ಇವತ್ತಿನ ರೇಟು ಎಷ್ಟು ಎಂದು ವಿಚಾರಿಸುವಾಗ ಯಾರೂ ಕೆನೆಫೊರಾ ಎನ್ನುವುದಿಲ್ಲ.

ಹಾವಸೆಗೆ, ಅಂದರೆ ಇಂಗ್ಲಿಷಿನವರ ಮಾಸ್‌ಗೆ, ಆ ಅದೃಷ್ಟ ಇಲ್ಲ. ಊರಿನಲ್ಲಿ ಹಸಿರಾಗಿ ಜಾರುವುದಕ್ಕೆಲ್ಲ ನಾವು ಪಾಚಿ ಅಂದುಬಿಡುತ್ತೇವೆ. ಅಂಗಳದ ಪಾಚಿ, ಹಂಚಿನ ಪಾಚಿ, ಮರದ ಪಾಚಿ, ಎಲ್ಲ ಒಂದೇ. ಒಂದು ಹಾವಸೆಯನ್ನು ಇನ್ನೊಂದರಿಂದ ಬೇರೆ ಮಾಡಿ ಹೇಳಬೇಕಾದರೆ ಲ್ಯಾಟಿನ್ ಹೆಸರು ಬಿಟ್ಟು ಬೇರೆ ದಾರಿಯಿಲ್ಲ. ಆ ಹೆಸರೇ ಬದಲಾದರೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಹಾವಸೆಗಳಲ್ಲಂತೂ ಅದು ಬದಲಾಗುತ್ತಲೇ ಇರುತ್ತದೆ.

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವಳು. ಮಳೆಗಾಲದಲ್ಲಿ ಪ್ರಾಕ್ಟಿಕಲ್ ಶುರುವಾದ ಕೂಡಲೇ ದೂರು ಬರುತ್ತದೆ. "ಮೇಡಂ, ನೀವು ಹೇಳಿದ ಹೆಸರು ಒಂದು, ಮೊಬೈಲಲ್ಲಿ ಬರೋದು ಇನ್ನೊಂದು, ಲೈಬ್ರರಿ ಪುಸ್ತಕದಲ್ಲಿ ಮತ್ತೊಂದಿದೆ. ಯಾವುದು ಬರೀಬೇಕು?" ಈ ವಿಜ್ಞಾನಿಗಳಿಗೆ ಬೇರೆ ಕೆಲಸ ಇಲ್ವಾ ಅನ್ನುವುದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಮುಖದಲ್ಲಿ ಕಾಣುತ್ತದೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಒಮ್ಮೆ ಪ್ರಾಕ್ಟಿಕಲ್ ಪರೀಕ್ಷೆಗೆ ಬಂದಿದ್ದ ಹೊರಗಿನ ಪರೀಕ್ಷಕರೊಬ್ಬರು ಹೊಸ ಹೆಸರು ಬರೆದ ಹುಡುಗಿಗೆ ಅಂಕ ಕಡಿತ ಮಾಡಿದರು. ಅವರ ಕೈಯಲ್ಲಿದ್ದ ಪಟ್ಟಿಯಲ್ಲಿ ಹಳೆಯ ಹೆಸರೇ ಇತ್ತು. ನಾನು ವಾದ ಮಾಡಿದೆ, ಅವರು ಒಪ್ಪಲಿಲ್ಲ.

ಆದರೂ ಬದಲಾವಣೆಗಳೆಲ್ಲ ಒಂದೇ ತರಹದ್ದಲ್ಲ. ರೊಬಸ್ಟಾದ್ದು ತಾರೀಖಿನ ಜಗಳ. ಹಾವಸೆಗಳಲ್ಲಿ ಜಾಸ್ತಿ ನಡೆಯುವುದು ನೆಂಟಸ್ತಿಕೆಯ ಜಗಳ.

ಇದನ್ನು ಕೊಡಗಿನ ಮಕ್ಕಳಿಗೆ ವಿವರಿಸುವುದು ಸುಲಭ. ಕೊಡವರಲ್ಲಿ ಮನೆ ಹೆಸರು ಮೊದಲು ಬರುತ್ತದೆ, ಸ್ವಂತ ಹೆಸರು ಆಮೇಲೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಕೊಡಂದೇರ ಮಾದಪ್ಪ ಕಾರ್ಯಪ್ಪ, ಜನರಲ್ ತಿಮ್ಮಯ್ಯನವರು ಕೊಡಂದೇರ ಸುಬಯ್ಯ ತಿಮ್ಮಯ್ಯ. ಹೆಸರು ಕೇಳಿದರೆ ಸಾಕು, ಇಬ್ಬರೂ ಒಂದೇ ಒಕ್ಕದವರು, ಅಂದರೆ ಒಂದೇ ಮನೆತನದವರು ಎಂದು ತಿಳಿಯುತ್ತದೆ. ಲ್ಯಾಟಿನ್ ಹೆಸರಿನ ಕ್ರಮವೂ ಇದೇ. ಮೊದಲ ಪದ ಜೀನಸ್, ಅಂದರೆ ಒಕ್ಕ. ಎರಡನೆಯದು ಆ ಹಾವಸೆಯ ಸ್ವಂತ ಹೆಸರು. ಆದರೆ ಮನುಷ್ಯರಿಗೆ ತಮ್ಮ ಒಕ್ಕ ಯಾವುದೆಂದು ಹುಟ್ಟಿದಾಗಿನಿಂದ ಗೊತ್ತಿರುತ್ತದೆ. ಹಾವಸೆಯ ಒಕ್ಕವನ್ನು ಹೊರಗಿನವರು ಮುಖ ನೋಡಿ ಊಹಿಸಬೇಕು. ಊಹೆ ತಪ್ಪಿತ್ತು ಎಂದು ತಿಳಿದ ದಿನ ಮೊದಲ ಪದ ಹೋಗಿ ಇನ್ನೊಂದು ಬರುತ್ತದೆ. ಎರಡನೆಯದು ಸಾಮಾನ್ಯವಾಗಿ ಅದರ ಜೊತೆಗೇ ಹೊಸ ಮನೆಗೆ ಹೋಗುತ್ತದೆ.

ಮುಖ ನೋಡಿ ಊಹಿಸುವುದು ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ಮಡಿಕೇರಿಯ ಯಾವುದಾದರೂ ಹಳೆಯ ಕಾಂಪೌಂಡ್ ಗೋಡೆಯ ಹತ್ತಿರ ಹೋಗಿ. ಅಲ್ಲಿ ಹಯೋಫಿಲಾ ಇನ್ವಾಲ್ಯೂಟಾ ಸಿಗುವ ಸಾಧ್ಯತೆ ಜಾಸ್ತಿ. ಗೋಡೆ, ಸಿಮೆಂಟು, ಒದ್ದೆ ಕಲ್ಲು ಅದಕ್ಕೆ ಇಷ್ಟ. ಫೆಬ್ರವರಿಯ ಬಿಸಿಲಿನಲ್ಲಿ ನೋಡಿದರೆ ಸತ್ತೇ ಹೋಗಿದೆ ಅನ್ನಿಸುತ್ತದೆ. ಕಪ್ಪು ಕಂದು ಪುಡಿ ಅಂಟಿಕೊಂಡ ಹಾಗೆ ಇರುತ್ತದೆ. ಒಂದು ಚೂರು ಕಿತ್ತು ಅಂಗೈಯಲ್ಲಿಟ್ಟು ಕೈಲೆನ್ಸ್ ಹಿಡಿಯಿರಿ. ಪ್ರತಿ ಎಲೆಯೂ ಎರಡೂ ಅಂಚಿನಿಂದ ಒಳಕ್ಕೆ ಸುರುಳಿ ಸುತ್ತಿ ಕೊಳವೆಯಾಗಿದೆ. ಈಗ ಒಂದು ಹನಿ ನೀರು ಬಿಡಿ. ಕೆಳಗಿನ ಎಲೆ ಮೊದಲು ಅಲುಗುತ್ತದೆ. ಆಮೇಲೆ ಒಂದೊಂದೇ ಎಲೆ ಬಿಚ್ಚಿ ಹೊರಕ್ಕೆ ಬಾಗುತ್ತದೆ. ಬಣ್ಣ ಕಂದಿನಿಂದ ಹಸಿರಿಗೆ ತಿರುಗುತ್ತದೆ. ನೋಡನೋಡುತ್ತಿದ್ದಂತೆ ಪುಡಿಯಿದ್ದ ಜಾಗದಲ್ಲಿ ಪುಟ್ಟ ಪುಟ್ಟ ನಕ್ಷತ್ರಗಳು ಕೂತಿರುತ್ತವೆ. ಮಕ್ಕಳು ಇಲ್ಲಿ ಓ ಅನ್ನುತ್ತಾರೆ. ನನಗೂ ಇನ್ನೂ ಬೇಜಾರು ಬಂದಿಲ್ಲ.

ಅದೃಷ್ಟ ಇದ್ದರೆ ತೆಳ್ಳನೆಯ ದಂಟಿನ ತುದಿಯಲ್ಲಿ ಕ್ಯಾಪ್ಸೂಲ್ ಸಿಗುತ್ತದೆ, ಬೀಜಕ ತುಂಬಿದ ಸಣ್ಣ ಡಬ್ಬಿ. ಮುಚ್ಚಳ ಬಿದ್ದು ಹೋಗಿದ್ದರೆ ಅದರ ಬಾಯಿ ನೋಡಬಹುದು. ಹೆಚ್ಚಿನ ಹಾವಸೆಗಳಲ್ಲಿ ಬಾಯಿಯ ಸುತ್ತ ಹಲ್ಲುಗಳ ಬಳೆ ಇರುತ್ತದೆ. ಹಲ್ಲುಗಳು ನಾಲ್ಕರ ಲೆಕ್ಕದಲ್ಲಿ ಬರುತ್ತವೆ: 4, 8, 16, 32, 64. ಗಾಳಿಯ ತೇವ ಹೆಚ್ಚು ಕಡಿಮೆಯಾದಾಗ ಅವು ಮಡಚಿ ಬಿಚ್ಚಿ ಬೀಜಕಗಳನ್ನು ಸ್ವಲ್ಪ ಸ್ವಲ್ಪವೇ ಹೊರಗೆ ಬಿಡುತ್ತವೆ. ಹಯೋಫಿಲಾದ ಬಾಯಲ್ಲಿ ಒಂದು ಹಲ್ಲೂ ಇಲ್ಲ.

ಈ ಹಲ್ಲುಗಳ ಮೇಲೆ ಹಾವಸೆಗಳ ಇಡೀ ವರ್ಗೀಕರಣ ನಿಲ್ಲಿಸಿದವರು ಯೋಹಾನ್ ಹೆಡ್ವಿಗ್. ಟ್ರಾನ್ಸಿಲ್ವೇನಿಯಾದಲ್ಲಿ ಹುಟ್ಟಿದವರು, ವೃತ್ತಿಯಿಂದ ವೈದ್ಯರು, ಕೊನೆಗೆ ಲೈಪ್ಸಿಗ್‌ನಲ್ಲಿ ನೆಲೆ ನಿಂತರು. ಅವರು ತೀರಿಕೊಂಡದ್ದು 1799ರಲ್ಲಿ. ಅವರ ದೊಡ್ಡ ಪುಸ್ತಕ ಹೊರಬಂದದ್ದು 1801ರಲ್ಲಿ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಹಾವಸೆಗಳ ಹೆಸರಿನ ಲೆಕ್ಕ ಶುರುವಾಗುವುದು ಆ ಪುಸ್ತಕದಿಂದ. ಸ್ಫ್ಯಾಗ್ನಂ ಎಂಬ ಜೌಗುನೆಲದ ಹಾವಸೆಗಳ ಗುಂಪಿಗೆ ಮಾತ್ರ ವಿನಾಯಿತಿ. ಗಿಡಗಳಿಗೆ ಎರಡು ಪದದ ಹೆಸರಿಡುವ ಕ್ರಮವನ್ನು ರೂಢಿಗೆ ತಂದ ಲಿನೇಯಸ್ 1753ರಲ್ಲಿ ಹಾವಸೆಗಳಿಗೆ ಹೆಸರಿಟ್ಟಿದ್ದರೂ ಅವು ಲೆಕ್ಕಕ್ಕಿಲ್ಲ. ಅದೇ ಹೆಸರನ್ನು ಹೆಡ್ವಿಗ್ ಬಳಸಿದ್ದರೆ ಅದು ಹೆಡ್ವಿಗ್ ಖಾತೆಗೆ ಹೋಗುತ್ತದೆ. ಲಿನೇಯಸ್‌ಗೆ ಸಸ್ಯಲೋಕದಲ್ಲಿ ಇಷ್ಟು ಅನ್ಯಾಯ ಬೇರೆಲ್ಲೂ ಆಗಿರಲಿಕ್ಕಿಲ್ಲ. ಅವರು ಹೆಚ್ಚಿನ ಹಾವಸೆಗಳನ್ನು ಬ್ರೈಯಂ, ಹಿಪ್ನಂ, ಮ್ನಿಯಂನಂತಹ ಕೆಲವೇ ಚೀಲಗಳಿಗೆ ಸುಮ್ನೆ ತುರುಕಿದ್ದರು ಅನ್ನುವುದೂ ನಿಜವೇ.

ಹಲ್ಲು ನೋಡುವ ಪದ್ಧತಿ ಬಹಳ ಕಾಲ ಚೆನ್ನಾಗಿಯೇ ಕೆಲಸ ಮಾಡಿತು. ತೊಂದರೆ ಬಂದದ್ದು ಹಲ್ಲಿಲ್ಲದವುಗಳಲ್ಲಿ. ನಮ್ಮ ಗೋಡೆಯ ಹಾವಸೆಯನ್ನು 1819ರಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿ ವಿಲಿಯಂ ಹೂಕರ್ ವರ್ಣಿಸಿದಾಗ ಜಿಮ್ನೋಸ್ಟೋಮಂ ಇನ್ವಾಲ್ಯೂಟಂ ಎಂದು ಕರೆದರು. ಜಿಮ್ನೋಸ್ಟೋಮಂ ಆಗ ಬೊಚ್ಚುಬಾಯಿಯವರ ಸಂಘ. ಹಲ್ಲಿಲ್ಲವೇ, ಬಾ, ಇಲ್ಲಿ ಕೂರು. ಆದರೆ ಹಲ್ಲು ಕಳೆದುಕೊಳ್ಳುವುದು ಹಾವಸೆಗಳಲ್ಲಿ ಒಂದೇ ಸಲ ಆದದ್ದಲ್ಲ. ಬೇರೆ ಬೇರೆ ವಂಶಗಳಲ್ಲಿ ಬೇರೆ ಬೇರೆ ಕಾಲದಲ್ಲಿ ಆಗಿದೆ. ಇಲ್ಲದಿರುವುದನ್ನು ನೋಡಿ ನೆಂಟಸ್ತಿಕೆ ಕಟ್ಟಿದರೆ ಸಂಬಂಧವೇ ಇಲ್ಲದವರು ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ಎಲೆಯ ರಚನೆ, ಕೋಶಗಳ ಆಕಾರ ನೋಡಿ ಮುಂದಿನವರು ಇದನ್ನು ಹಯೋಫಿಲಾಕ್ಕೆ ಸಾಗಿಸಿದರು. ಇನ್ವಾಲ್ಯೂಟಂ ಹೋಗಿ ಇನ್ವಾಲ್ಯೂಟಾ ಆಯಿತು. ಗೋಡೆ ಮಾತ್ರ ಅದೇ.

ಮರದ ಮೇಲೆ ಕಥೆ ಇನ್ನೂ ಗೋಜಲು. ಭಾಗಮಂಡಲದ ಕಡೆಯ ತೋಟಗಳಲ್ಲಿ ನೆರಳಿನ ಮರಗಳಿಂದ ಹಾವಸೆ ಗಡ್ಡದ ಹಾಗೆ ಇಳಿಬಿದ್ದಿರುತ್ತದೆ. ಮುಂಗಾರಿಗೆ ಮುಂಚೆ ಮರ ಕಪಾತು ಮಾಡುವಾಗ ಕೊಂಬೆಯ ಜೊತೆ ಅದೂ ನೆಲಕ್ಕೆ ಬರುತ್ತದೆ. ನನಗೆ ಹತ್ತಿರದಿಂದ ನೋಡಲು ಸಿಗುವುದು ಆಗಲೇ. ಗೆಳತಿಯ ತೋಟದಲ್ಲಿ ಕೆಲಸ ಮಾಡುವವರಿಗೆ ಈಗ ನನ್ನ ಚಾಳಿ ಗೊತ್ತು. "ಅಕ್ಕಾ, ಪಾಚಿ ಬಿತ್ತು ನೋಡಿ, ಇದು ಬೇರೆ ತರ ಇದೆ," ಎಂದು ಕೂಗುತ್ತಾರೆ. ಬೇರೆ ತರ ಇರುವುದನ್ನು ಅವರ ಕಣ್ಣು ಸರಿಯಾಗಿ ಹಿಡಿಯುತ್ತದೆ. ಹಳದಿ ಛಾಯೆ, ಎಲೆ ಹರಡಿರುವ ರೀತಿ, ಮುಟ್ಟಿದಾಗ ಒರಟೋ ನಯವೋ, ಇಷ್ಟರಲ್ಲೇ ಮೂರು ನಾಲ್ಕು ಬಗೆ ವಿಂಗಡಿಸಿ ಕೊಡುತ್ತಾರೆ.

ಇವುಗಳಲ್ಲಿ ಕ್ಯಾಪ್ಸೂಲ್ ಸಿಗುವುದೇ ಅಪರೂಪ. ಸಿಕ್ಕರೂ ಮರದ ಮೇಲೆ ಬದುಕುವ ಹಾವಸೆಗಳ ಹಲ್ಲುಗಳು ಸವೆದು ಸರಳವಾಗಿ ಒಂದರ ಹಾಗೆ ಇನ್ನೊಂದು ಕಾಣುತ್ತವೆ. ಹಾಗಾಗಿ ಹಿಂದಿನವರು ಸೂಕ್ಷ್ಮದರ್ಶಕದಲ್ಲಿ ಎಲೆಯ ಕೋಶದ ಮೇಲಿನ ಗುಳ್ಳೆಗಳನ್ನು ಎಣಿಸಿದರು. ಗುಳ್ಳೆ ಒಂದೇ ಇದೆಯೋ, ಸಾಲಾಗಿ ಹಲವು ಇವೆಯೋ, ಇಲ್ಲವೇ ಇಲ್ಲವೋ. ಇದರ ಮೇಲೆ ಜೀನಸ್ ಕಟ್ಟಿದರು. ಒಂದು ಉದಾಹರಣೆ ಕೊಡುತ್ತೇನೆ. ಹೂಕರ್ ನೆಕ್ಕೆರಾ ಫುಸ್ಕೆಸೆನ್ಸ್ ಎಂದು ಕರೆದದ್ದು ಆಮೇಲೆ ಪಾಪಿಲ್ಲಾರಿಯಾ ಫುಸ್ಕೆಸೆನ್ಸ್ ಆಯಿತು. 1992ರಲ್ಲಿ ಪಾಪಿಲ್ಲಾರಿಯಾವನ್ನೇ ಒಡೆದು ಅದನ್ನು ಕ್ರಿಪ್ಟೋಪಾಪಿಲ್ಲಾರಿಯಾಕ್ಕೆ ಕಳಿಸಿದರು. ಆಮೇಲೆ ಡಿಎನ್‌ಎ ಪರೀಕ್ಷೆ ಬಂತು. ಜೋತಾಡುವ ಹಾವಸೆಗಳೆಲ್ಲ ಒಂದೇ ವಂಶವಲ್ಲ ಎಂದು ತೋರಿಸಿತು. ಮಂಜು ತುಂಬಿದ ಕಾಡಿನಲ್ಲಿ ಕೊಂಬೆಯಿಂದ ಇಳಿಬಿದ್ದರೆ ಗಾಳಿಯ ತೇವವನ್ನು ಹಿಡಿಯಲು ಅನುಕೂಲ. ಆ ಅನುಕೂಲವನ್ನು ಬೇರೆ ಬೇರೆ ಕುಟುಂಬಗಳು ಬೇರೆ ಬೇರೆಯಾಗಿ ಕಂಡುಕೊಂಡಿವೆ. ಒಂದೇ ಮರದಲ್ಲಿ ಪಕ್ಕಪಕ್ಕ ನೇತಾಡುವವರು ನೆಂಟರೇ ಆಗಿರಬೇಕಿಲ್ಲ.

ಇಲ್ಲಿಯವರೆಗೆ ಬಂದ ಮಕ್ಕಳು ಒಂದು ಮಾತು ಕೇಳುತ್ತಾರೆ. ಡಿಎನ್‌ಎ ಬಂದ ಮೇಲೆ ಎಲ್ಲ ಬಗೆಹರಿಯಬೇಕಿತ್ತಲ್ವಾ? ಇನ್ನೂ ಯಾಕೆ ಬದಲಾಗುತ್ತಿದೆ? ನನ್ನ ಪ್ರಕಾರ ಇಡೀ ವಿಷಯದಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಪುಸ್ತಕಗಳು ಇದಕ್ಕೆ ನೇರ ಉತ್ತರ ಕೊಡುವುದು ಕಡಿಮೆ. ಡಿಎನ್‌ಎ ವಂಶವೃಕ್ಷವನ್ನು ಬರೆದುಕೊಡುತ್ತದೆ, ಯಾರು ಯಾರಿಗೆ ಹತ್ತಿರ ಅನ್ನುತ್ತದೆ. ಆ ಮರದ ಮೇಲೆ ಎಲ್ಲಿ ಗೆರೆ ಎಳೆದು ಇಲ್ಲಿಂದ ಇಲ್ಲಿಗೆ ಒಂದು ಜೀನಸ್ ಅನ್ನಬೇಕು ಎಂಬುದನ್ನು ಡಿಎನ್‌ಎ ಹೇಳುವುದಿಲ್ಲ. ಅದು ಮನುಷ್ಯರ ತೀರ್ಮಾನ. ಒಂದೇ ಮರ ನೋಡಿ ಒಬ್ಬರು ದೊಡ್ಡ ಜೀನಸ್ ಒಂದೇ ಸಾಕು ಅನ್ನಬಹುದು, ಇನ್ನೊಬ್ಬರು ಎಂಟು ಮಾಡಬಹುದು. ಇಬ್ಬರದ್ದೂ ಮರಕ್ಕೆ ವಿರುದ್ಧವಲ್ಲ.

ಬ್ರೈಯಂನಲ್ಲಿ ಇದೇ ಆಯಿತು. ಲಿನೇಯಸ್‌ನ ಚೀಲದಿಂದ ಎಷ್ಟೋ ಪ್ರಭೇದಗಳನ್ನು ಹೊರತೆಗೆದ ಮೇಲೂ ಅದು ನೂರಾರು ಪ್ರಭೇದಗಳ ದೊಡ್ಡ ಮನೆಯಾಗಿ ಉಳಿದಿತ್ತು. 1996ರಲ್ಲಿ ಜಾನ್ ಸ್ಪೆನ್ಸ್ ಒಂದು ಭಾಗವನ್ನು ರೋಸುಲಾಬ್ರೈಯಂ ಎಂದು ಬೇರೆ ಮಾಡಿದರು. ಬ್ರೈಯಂ ಕ್ಯಾಪಿಲ್ಲೇರ್ ಆಗ ಅಲ್ಲಿಗೆ ಹೋಯಿತು. 2007ರಲ್ಲಿ ಬೇರೆ ಇಬ್ಬರು ಅದನ್ನು ಅಲ್ಲಿಂದೆತ್ತಿ ಟೈಕೊಸ್ಟೋಮಂಗೆ ಹಾಕಿದರು. ನಮ್ಮಲ್ಲಿ ಮಣ್ಣಿನ ಬರೆ, ಗೋಡೆಗಳ ಮೇಲೆ ಬೆಳೆಯುವ ಬ್ರೈಯಂ ಕೊರೊನೇಟಂ ಈಗ ಕೆಲವರಿಗೆ ಜೆಮ್ಮಾಬ್ರೈಯಂ ಕೊರೊನೇಟಂ. ಇನ್ನು ಕೆಲವರು ಬ್ರೈಯಂ ಎಂದೇ ಬರೆಯುತ್ತಾರೆ. ಇಲ್ಲಿ ನಾನು ಹಳಬರ ಪಕ್ಷ. ಕೈಲೆನ್ಸ್ ಹಿಡಿದ ವಿದ್ಯಾರ್ಥಿಗೆ ತೋಟದಲ್ಲಿ ನಿಂತು ಗುರುತಿಸಲು ಸಿಗುವಂತಹ ಗಟ್ಟಿ ಲಕ್ಷಣ ಇಲ್ಲದೆ ಜೀನಸ್ ಒಡೆದರೆ ಆ ಹೆಸರು ಪ್ರಯೋಗಾಲಯದವರಿಗೆ ಮಾತ್ರ ಉಪಯೋಗ. ಇದನ್ನು ಒಪ್ಪದವರು ಇದ್ದಾರೆ, ಅವರ ವಾದದಲ್ಲೂ ಹುರುಳಿದೆ. ನೂರಾರು ಪ್ರಭೇದಗಳಿರುವ ಜೀನಸ್ಸಿನ ಹೆಸರು ಕೇಳಿದರೆ ಆ ಗಿಡದ ಬಗ್ಗೆ ಏನೂ ತಿಳಿದ ಹಾಗಾಗುವುದಿಲ್ಲ ಅನ್ನುತ್ತಾರೆ.

ಬ್ರೈಯಂ ಎಷ್ಟೇ ಒಡೆದರೂ ಆ ಹೆಸರು ಬಿಟ್ಟು ಹೋಗದ ಒಂದು ಹಾವಸೆ ಇದೆ, ಬ್ರೈಯಂ ಅರ್ಜೆಂಟಿಯಂ. ನಿಯಮದ ಪ್ರಕಾರ ಪ್ರತಿ ಜೀನಸ್ಸಿನ ಹೆಸರನ್ನೂ ಒಂದು ಪ್ರಭೇದಕ್ಕೆ ಕಟ್ಟಿಹಾಕಿರುತ್ತಾರೆ. ಬ್ರೈಯಂ ಕಟ್ಟಿರುವುದು ಇದಕ್ಕೆ. ಉಳಿದವರೆಲ್ಲ ಮನೆ ಬಿಟ್ಟು ಹೋದರೂ ಹೆಸರು ಇದರ ಹತ್ತಿರವೇ ಇರುತ್ತದೆ. ಸೇತುವೆಯ ಕಟ್ಟೆ, ಚರಂಡಿಯ ಅಂಚು, ತಾರಸಿಯ ಮೂಲೆ, ಜನ ಓಡಾಡುವ ಕಡೆಯೆಲ್ಲ ಬೆಳ್ಳಿಯ ಬಣ್ಣದಲ್ಲಿ ಹೊಳೆಯುವ ಪುಟ್ಟ ದಿಂಬುಗಳು ಕಂಡರೆ ಅದು ಇದೇ. ಎಲೆಯ ತುದಿಯ ಕೋಶಗಳಲ್ಲಿ ಹಸಿರು ಇರುವುದಿಲ್ಲ, ಅದಕ್ಕೇ ಆ ಬಿಳುಪು. ಮಡಿಕೇರಿಯಲ್ಲಿ ಇರುವ ಇದೇ ಪ್ರಭೇದ ಅಂಟಾರ್ಕ್ಟಿಕಾದಲ್ಲೂ ಇದೆ.

ಹೆಸರು ಬದಲಾವಣೆಯ ಗಲಾಟೆ ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ತಟ್ಟಿದ್ದು ಫಿಸ್ಕೊಮಿಟ್ರೆಲ್ಲಾ ಪೇಟೆನ್ಸ್ ವಿಷಯದಲ್ಲಿ. ಇದು ಕೆಲವೇ ಮಿಲಿಮೀಟರ್ ಎತ್ತರದ, ಕೆರೆಯ ನೀರು ಇಳಿದ ಕೆಸರಿನಲ್ಲಿ ಬೆಳೆಯುವ ಹಾವಸೆ. ವಂಶವಾಹಿ ಅಧ್ಯಯನ ಮಾಡುವವರಿಗೆ ಇದು ಅಚ್ಚುಮೆಚ್ಚು, ಏಕೆಂದರೆ ಬೇಕಾದ ವಂಶವಾಹಿಯನ್ನೇ ಗುರಿಯಿಟ್ಟು ಬದಲಿಸುವುದು ಇದರಲ್ಲಿ ಸುಲಭ. ಜಗತ್ತಿನ ಹೆಚ್ಚಿನ ಪ್ರಯೋಗಾಲಯಗಳಲ್ಲಿರುವುದು 1962ರಲ್ಲಿ ವೈಟ್‌ಹೌಸ್ ಎಂಬ ವಿಜ್ಞಾನಿ ಇಂಗ್ಲೆಂಡಿನ ಗ್ರಾನ್ಸ್‌ಡನ್ ಕಾಡಿನಿಂದ ತಂದದ್ದರ ಸಂತತಿ. 2008ರಲ್ಲಿ ಅದರ ಜೀನೋಮ್, ಅಂದರೆ ಇಡೀ ಡಿಎನ್‌ಎಯ ಬರಹ, ಪ್ರಕಟವಾಯಿತು. ಹಾವಸೆಗಳಲ್ಲಿ ಅದೇ ಮೊದಲು.

ಇದರ ಕ್ಯಾಪ್ಸೂಲ್‌ಗೆ ಉದ್ದದ ದಂಟಿಲ್ಲ, ಉದುರುವ ಮುಚ್ಚಳವಿಲ್ಲ, ಹಲ್ಲೂ ಇಲ್ಲ. ಎಲೆಗಳ ನಡುವೆ ಹುದುಗಿ ಕೂತಿರುತ್ತದೆ, ಮಾಗಿದಾಗ ಗೋಡೆಯೇ ಒಡೆದು ಬೀಜಕ ಚೆಲ್ಲುತ್ತದೆ. ಹೆಡ್ವಿಗ್ ಇದನ್ನು ಬಾಯಿ ತೆರೆಯದ ಕ್ಯಾಪ್ಸೂಲ್‌ಗಳ ಜೊತೆ ಸೇರಿಸಿ ಫಾಸ್ಕಂ ಪೇಟೆನ್ಸ್ ಎಂದರು. 1849ರಲ್ಲಿ ಬ್ರುಖ್ ಮತ್ತು ಶಿಂಪರ್ ಇದಕ್ಕಾಗಿ ಫಿಸ್ಕೊಮಿಟ್ರೆಲ್ಲಾ ಎಂಬ ಹೊಸ ಮನೆ ಕಟ್ಟಿದರು. ಎರಡೇ ವರ್ಷದಲ್ಲಿ, 1851ರಲ್ಲಿ, ಇಂಗ್ಲೆಂಡಿನ ವಿಲಿಯಂ ಮಿಟ್ಟನ್ ಬೇರೆ ಮಾತು ಹೇಳಿದರು. ಇದಕ್ಕೆ ಪ್ರತ್ಯೇಕ ಮನೆ ಬೇಡ, ಉದ್ದ ದಂಟಿನ ಫಿಸ್ಕೊಮಿಟ್ರಿಯಂಗಳ ಜೊತೆಯೇ ಸೇರಬೇಕು ಎಂದರು. ಅವರ ಮಾತು ಹೆಚ್ಚಿನವರು ಕೇಳಲಿಲ್ಲ. ಬಹಳ ಕಾಲ ಫಿಸ್ಕೊಮಿಟ್ರೆಲ್ಲಾ ಗೆದ್ದಿತು.

ಮಿಟ್ಟನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಅವರು ಸಸೆಕ್ಸ್‌ನ ಹರ್ಸ್ಟ್‌ಪಿಯರ್‌ಪಾಯಿಂಟ್ ಎಂಬ ಹಳ್ಳಿಯಲ್ಲಿ ಔಷಧ ಅಂಗಡಿ ನಡೆಸುತ್ತಿದ್ದವರು. ಜೀವವಿಕಾಸದ ವಿಷಯದಲ್ಲಿ ಡಾರ್ವಿನ್ ಜೊತೆ ಹೆಸರು ಬರುವ ಆಲ್ಫ್ರೆಡ್ ರಸೆಲ್ ವಾಲೆಸ್ ಇವರ ಅಳಿಯ. 1866ರಲ್ಲಿ ಮಗಳು ಆನಿಯನ್ನು ಮದುವೆಯಾದರು. ನೀಲಗಿರಿಯಿಂದ, ಹಿಮಾಲಯದಿಂದ, ಸಿಲೋನಿನಿಂದ ಹೋದ ಒಣ ಹಾವಸೆಗಳನ್ನು ನೋಡಿ ಮಿಟ್ಟನ್ 1859ರಲ್ಲಿ ಭಾರತದ ಹಾವಸೆಗಳ ದೊಡ್ಡ ಪಟ್ಟಿ ಹೊರತಂದರು. ನಮ್ಮ ಕಡೆಯ ಎಷ್ಟೋ ಹಾವಸೆಗಳ ಹೆಸರಿನ ಕೊನೆಗೆ ಅವರ ಹೆಸರಿನ ಚುಟುಕು ರೂಪ ಅಂಟಿಕೊಂಡಿದೆ. ಮದ್ದಿನಂಗಡಿಯವರೊಬ್ಬರು ಇಷ್ಟು ಕೆಲಸ ಮಾಡಿದ್ದು ಯೋಚಿಸಿದರೆ ನನ್ನ ಬಿಡುವಿಲ್ಲ ಎಂಬ ನೆಪಕ್ಕೆ ಬೆಲೆ ಇರುವುದಿಲ್ಲ.

2019ರಲ್ಲಿ ಈ ಗುಂಪಿನ ನೂರಾರು ವಂಶವಾಹಿಗಳನ್ನು ಹೋಲಿಸಿ ನೋಡಿದಾಗ ಫಿಸ್ಕೊಮಿಟ್ರೆಲ್ಲಾ ಕಂಡದ್ದು ಫಿಸ್ಕೊಮಿಟ್ರಿಯಂ ವಂಶವೃಕ್ಷದ ಒಳಗೇ. ದಂಟು, ಮುಚ್ಚಳ ಕಳೆದುಕೊಳ್ಳುವುದು ಆ ಗುಂಪಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ಆಗಿತ್ತು. ಈಗ ಎರಡು ದಾರಿ. ಫಿಸ್ಕೊಮಿಟ್ರಿಯಂನ್ನು ಚೂರು ಚೂರು ಮಾಡುವುದು, ಇಲ್ಲವೇ ಫಿಸ್ಕೊಮಿಟ್ರೆಲ್ಲಾವನ್ನು ಒಳಗೆ ಕರೆದುಕೊಳ್ಳುವುದು. ಎರಡನೆಯದಕ್ಕೆ ಹೊಸ ಹೆಸರು ಹುಡುಕುವ ಕೆಲಸವೂ ಇರಲಿಲ್ಲ. ಮಿಟ್ಟನ್ 1851ರಲ್ಲೇ ಇಟ್ಟಿದ್ದ ಫಿಸ್ಕೊಮಿಟ್ರಿಯಂ ಪೇಟೆನ್ಸ್ ಕಾದು ಕೂತಿತ್ತು. ಪ್ರಯೋಗಾಲಯದವರು ಗೊಣಗಿದರು. ಸಾವಿರಾರು ಲೇಖನಗಳಲ್ಲಿ ಹಳೆಯ ಹೆಸರಿದೆಯಲ್ಲ. ಕೆಲವರು ಇವತ್ತೂ ಎರಡನ್ನೂ ಒಟ್ಟಿಗೆ ಬರೆಯುತ್ತಾರೆ. ಒಂದು ಸಮಾಧಾನ ಇತ್ತು. ಇದರ ವಂಶವಾಹಿಗಳ ಹೆಸರಿನ ಮುಂದೆ ಎರಡು ಪದಗಳ ಮೊದಲಕ್ಷರ ಸೇರಿಸ್ತಾರೆ, ಇಂಗ್ಲಿಷಿನ ಎರಡು ಪೀ. ಹೊಸ ಹೆಸರಿನಲ್ಲೂ ಅವೇ ಎರಡು ಪೀ ಬಂದವು.

ಹೊಸ ಹೆಸರು ಅಂದಕೂಡಲೇ ಸಿಡುಕುವವರಿಗೆ ನಾನು ಹೇಳುವುದು ಈ ಕಥೆಯನ್ನೇ. ಹಳೆಯ ಪುಸ್ತಕಗಳನ್ನು ಬಿಸಾಡಬೇಡಿ ಎನ್ನುವುದಕ್ಕೂ ಇದೇ ಕಥೆ. ನಮ್ಮ ಲೈಬ್ರರಿಯಲ್ಲಿ ಪೂರ್ವ ಭಾರತದ ಹಾವಸೆಗಳ ಬಗ್ಗೆ ಗಂಗೂಲಿಯವರು ಬರೆದ ಸಂಪುಟಗಳಿವೆ. ಕಲ್ಕತ್ತಾದಿಂದ 1969ರಿಂದ 1980ರವರೆಗೆ ಕಂತು ಕಂತಾಗಿ ಬಂದವು. ಅಲ್ಲಿನ ಎಷ್ಟೋ ಜೀನಸ್ ಹೆಸರುಗಳು ಈಗ ಬಳಕೆಯಲ್ಲಿಲ್ಲ. ಚಿತ್ರಗಳು, ಅಳತೆಗಳು, ಎಲೆಯ ಕೋಶಗಳ ವರ್ಣನೆ ಮಾತ್ರ ಇವತ್ತಿಗೂ ಕೆಲಸಕ್ಕೆ ಬರುತ್ತವೆ.

ಒಣಗಿಸಿದ ಗಿಡಗಳನ್ನು ಕಾದಿಡುವ ಹರ್ಬೇರಿಯಂನಲ್ಲಿ ಇದಕ್ಕೆ ಒಳ್ಳೆಯ ರೂಢಿಯಿದೆ. ಕಾಗದದ ಪೊಟ್ಟಣದ ಮೇಲಿನ ಹಳೆಯ ಹೆಸರನ್ನು ಯಾರೂ ಅಳಿಸುವುದಿಲ್ಲ. ಹೊಸದಾಗಿ ನೋಡಿದವರು ತಮ್ಮ ಅಭಿಪ್ರಾಯ, ಹೆಸರು, ವರ್ಷ ಬರೆದ ಚೀಟಿಯನ್ನು ಪಕ್ಕದಲ್ಲಿ ಅಂಟಿಸುತ್ತಾರೆ. ಒಂದೇ ಪೊಟ್ಟಣದ ಮೇಲೆ ಮೂರು ಚೀಟಿಗಳಿದ್ದರೆ ಮೂರು ತಲೆಮಾರಿನವರು ಅದೇ ಚೂರನ್ನು ನೀರಿನಲ್ಲಿ ನೆನೆಸಿ ನೋಡಿದ್ದಾರೆ ಎಂದರ್ಥ. ಪ್ರಾಕ್ಟಿಕಲ್ ಪುಸ್ತಕದಲ್ಲಿ ಅಷ್ಟೆಲ್ಲ ಚೀಟಿಗೆ ಜಾಗವಿಲ್ಲ. ಅದಕ್ಕೆ ನಮ್ಮ ಮಕ್ಕಳಿಗೆ ಒಂದು ಉಪಾಯ ಹೇಳಿದ್ದೆ. ಜೀನಸ್ ಹೆಸರನ್ನು ಪೆನ್ಸಿಲಿನಲ್ಲಿ ಬರೆಯಿರಿ, ಎರಡನೆಯ ಪದವನ್ನು ಪೆನ್ನಿನಲ್ಲಿ. ಎಲ್ಲಿ, ಯಾವ ಮರದ ಮೇಲೆ, ಯಾವ ತಾರೀಖು ಎನ್ನುವುದೂ ಪೆನ್ನಿನಲ್ಲೇ ಇರಲಿ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಫ್ಯುನೇರಿಯಾ ಹೈಗ್ರೊಮೆಟ್ರಿಕಾದ ಹಳೆಯ ಹೆಸರು ಹುಡುಕಿಕೊಂಡು ಬಂದಳು. ಲಿನೇಯಸ್ ಅದನ್ನು ಮ್ನಿಯಂನಲ್ಲಿ ಇಟ್ಟಿದ್ದಾಗ ಅದು ಹೈಗ್ರೊಮೆಟ್ರಿಕಂ ಆಗಿತ್ತು. ಜೀನಸ್ಸಿನ ಲಿಂಗ ಬದಲಾದ ಹಾಗೆ ಎರಡನೆಯ ಪದದ ಬಾಲವೂ ಬದಲಾಗುತ್ತದೆ. "ಹಾಗಾದ್ರೆ ಮೇಡಂ, ಕೊನೇ ಅಕ್ಷರಾನೂ ಪೆನ್ಸಿಲಲ್ಲೇ ಬರೀಬೇಕಲ್ವಾ?" ಎಂದಳು. ಅವಳ ಪುಸ್ತಕದಲ್ಲಿ ಈಗ ಹಾಗೇ ಇದೆ.